ಕೆಲಸವನ್ನು ತೋರಿಸುವ ಕಾರ್ಯಕ್ರಮ ಏಕೆ ಹಳಸುತ್ತದೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯವರಾದ ನಿಮಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಾನು ಪರಿಚಯಿಸಬೇಕಾಗಿಲ್ಲ. ಆದರೂ ಆ ಮಾರುಕಟ್ಟೆಯ ಬೆಳಗಿನ ಹೊತ್ತನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಸುತ್ತಮುತ್ತಲ ಹಳ್ಳಿಗಳಿಂದ ರೈತರು ಗೂಡು ತಂದು ಜಾಲರಿಗಳಲ್ಲಿ ಸುರಿಯುತ್ತಾರೆ. ನೂಲು ಬಿಚ್ಚುವ ರೀಲರುಗಳು ಒಂದೊಂದು ಲಾಟಿನ ಮುಂದೆಯೂ ನಿಂತು ಒಂದು ಹಿಡಿ ಗೂಡು ಎತ್ತಿ ನೋಡುತ್ತಾರೆ. ಬೆರಳಿನಿಂದ ಅದುಮುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳುವಿನ ಸದ್ದಿನಿಂದಲೇ ಗೂಡು ಹೇಗಿದೆ ಎಂಬುದನ್ನು ಹೇಳಬಲ್ಲ ಅನುಭವಿಗಳು ಅಲ್ಲಿದ್ದಾರೆ. ಹಿಂದೆ ಕೂಗಿ ನಡೆಸುತ್ತಿದ್ದ ಹರಾಜು ಈಗ ಮೊಬೈಲ್ ಫೋನಿಗೆ ಬಂದಿದೆ. ಆದರೆ ತನ್ನ ಲಾಟಿಗೆ ಎಷ್ಟು ಬೆಲೆ ಬಂತು ಎಂದು ತಿಳಿಯುವ ತನಕ ಜಾಲರಿಯ ಪಕ್ಕದಿಂದ ಕದಲದೆ ನಿಲ್ಲುವ ರೈತ ಮಾತ್ರ ಬದಲಾಗಿಲ್ಲ.

ಇದು ನಿನ್ನೆಯೂ ನಡೆಯಿತು, ನಾಳೆಯೂ ನಡೆಯುತ್ತದೆ. ಅದೇ ಗೂಡು, ಅದೇ ತಕ್ಕಡಿ, ಅದೇ ಜನ. ಹೀಗಿದ್ದರೂ ಆ ಮಾರುಕಟ್ಟೆಯಲ್ಲಿ ಬೇಸರದಿಂದ ಆಕಳಿಸುತ್ತ ನಿಂತಿರುವ ರೈತನನ್ನು ನಾನು ಕಂಡಿಲ್ಲ.

ಈಗ ನಿಮ್ಮ ಮನೆಯ ಟಿ.ವಿ.ಯ ಕಡೆ ತಿರುಗೋಣ. ಜನ ಕೆಲಸ ಮಾಡುವುದನ್ನೇ ವಿಷಯವಾಗಿ ಇಟ್ಟುಕೊಂಡ ರಿಯಾಲಿಟಿ ಷೋಗಳನ್ನು ನೀವು ನೋಡಿರುತ್ತೀರಿ. ಸಮುದ್ರದಲ್ಲಿ ಏಡಿ ಹಿಡಿಯುವವರು, ಹಿಮದ ಮೇಲೆ ಲಾರಿ ಓಡಿಸುವವರು, ಮೋಟಾರ್ ಸೈಕಲ್ ಕಟ್ಟುವವರು, ಗಿರವಿ ಅಂಗಡಿ ನಡೆಸುವವರು, ಒಂದು ನೌಕರಿಗಾಗಿ ಪೈಪೋಟಿ ನಡೆಸುವವರು. ಮೊದಲ ವರ್ಷ ಇಂಥ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡುತ್ತಾರೆ. ಎರಡನೆಯ ವರ್ಷವೂ ನೋಡುತ್ತಾರೆ. ಐದಾರು ವರ್ಷ ಕಳೆಯುವ ಹೊತ್ತಿಗೆ ಟಿ.ವಿ. ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ, ಮನೆಯವರು ತಮ್ಮ ಪಾಡಿಗೆ ತಾವು ಮಾತನಾಡುತ್ತಿರುತ್ತಾರೆ.

ಮಾರುಕಟ್ಟೆಯಲ್ಲಿ ಹಳಸದ ಕೆಲಸ ಪರದೆಯ ಮೇಲೆ ಏಕೆ ಹಳಸುತ್ತದೆ? ಈ ಪ್ರಶ್ನೆಯನ್ನು ನಾವು ಇಂದು ಸ್ವಲ್ಪ ವಿಚಾರ ಮಾಡೋಣ. ಇದು ಬರಿಯ ಮನರಂಜನೆಯ ಪ್ರಶ್ನೆ ಎಂದು ತಿಳಿಯಬೇಡಿ. ನಿಮ್ಮ ಮನೆಯಲ್ಲಿ ನಡೆಯುವ ಕೆಲಸವನ್ನು ನೀವು ಯಾವ ಕಣ್ಣಿನಿಂದ ನೋಡುತ್ತೀರಿ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ. ಅದು ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸಾಮಾನ್ಯವಾಗಿ ಎಲ್ಲರೂ ಕೊಡುವ ಉತ್ತರ ಒಂದೇ. "ನೋಡಿದ್ದನ್ನೇ ಎಷ್ಟು ಸಲ ನೋಡುವುದು? ಬೇಜಾರಾಗುತ್ತದೆ." ಈ ಉತ್ತರ ಸುಲಭವಾಗಿದೆ, ಆದರೆ ಸಾಲದು. ನಮ್ಮ ಹಳ್ಳಿಗಳಲ್ಲಿ ಜಾತ್ರೆ ಹಬ್ಬಗಳಿಗೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕೌರವ ತೊಡೆ ಮುರಿದು ಬೀಳುತ್ತಾನೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಜನ ಚಾಪೆ, ಕಂಬಳಿ ಹಿಡಿದು ಬಂದು ಬೆಳಗಿನ ಜಾವದ ತನಕ ಕೂರುತ್ತಾರೆ. ಏಕೆಂದರೆ ಈ ಸಲ ದುರ್ಯೋಧನನ ವೇಷ ಹಾಕಿರುವವನು ತಮ್ಮೂರಿನ ಅಂಗಡಿಯವನು. ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕಂದ ಪದ್ಯವನ್ನು ಅವನು ಸರಿಯಾದ ಶ್ರುತಿಯಲ್ಲಿ ಎತ್ತುತ್ತಾನೋ ಇಲ್ಲವೋ ಎಂಬುದು ಪರದೆ ಸರಿಯುವ ತನಕ ಯಾರಿಗೂ ಗೊತ್ತಿಲ್ಲ. ಕಥೆ ಹಳೆಯದು, ಕುತೂಹಲ ಹೊಸದು. ಹಾಗಾದರೆ ಪುನರಾವರ್ತನೆಯೊಂದೇ ಬೇಸರಕ್ಕೆ ಕಾರಣವಲ್ಲ.

ಮಾರುಕಟ್ಟೆಯ ರೈತನ ವಿಷಯದಲ್ಲಿಯೂ ಇದೇ ಮಾತು. ಚಾಕಿ ಹುಳು ತಂದ ದಿನದಿಂದ ಹಿಡಿದು ಚಂದ್ರಿಕೆಗೆ ಬಿಡುವ ತನಕ ಅವನ ಮನೆಯಲ್ಲಿ ಯಾರಿಗೂ ನೆಮ್ಮದಿಯ ನಿದ್ದೆಯಿಲ್ಲ. ನಾಲ್ಕು ಜ್ವರ ದಾಟಿದ ಹುಳು ಕೊನೆಯ ಹಂತದಲ್ಲಿ ಹಗಲಿರುಳೂ ಸೊಪ್ಪು ತಿನ್ನುತ್ತದೆ. ಅದರ ಆಯುಷ್ಯದ ಒಟ್ಟು ಮೇವಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಖರ್ಚಾಗುವುದು ಆ ಏಳೆಂಟು ದಿನಗಳಲ್ಲಿಯೇ. ಆಗ ಸುಣ್ಣಕಟ್ಟು ರೋಗ ತಗುಲಿದರೆ ಅಥವಾ ಊಜಿ ನೊಣ ನುಗ್ಗಿದರೆ ಇಡೀ ಬೆಳೆ ಕೈಬಿಟ್ಟಂತೆ. ಇಷ್ಟೆಲ್ಲ ದಾಟಿ ಗೂಡು ಕಟ್ಟಿದ ಮೇಲೂ ಅದನ್ನು ಇಟ್ಟುಕೊಂಡು ಕಾಯುವಂತಿಲ್ಲ. ದಿನ ಮೀರಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಎಳೆ ಹಾಳಾಗುತ್ತದೆ. ಆದುದರಿಂದ ಆ ಬೆಳಿಗ್ಗೆ ಬರುವ ಬೆಲೆಯಲ್ಲಿ ಅವನ ಒಂದು ತಿಂಗಳ ದುಡಿಮೆ, ಅಂಗಡಿಯ ಸಾಲ, ಮಗಳ ಕಾಲೇಜಿನ ಫೀಸು ಎಲ್ಲವೂ ಸೇರಿಕೊಂಡಿವೆ. ಆ ಕೆಲಸದಲ್ಲಿ ಅವನು ಕಳೆದುಕೊಳ್ಳಬಹುದಾದದ್ದು ಏನೋ ಇದೆ. ಅದಕ್ಕೇ ಅಲ್ಲಿ ಬೇಸರಕ್ಕೆ ಜಾಗವಿಲ್ಲ.

ಈ ಮಾತನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ. ಕೆಲಸದ ಲಾಭನಷ್ಟ ಕೆಲಸದೊಳಗೇ ಇರುವ ತನಕ ಅದು ನೋಡುವವನನ್ನು ಹಿಡಿದು ನಿಲ್ಲಿಸುತ್ತದೆ. ಲಾಭನಷ್ಟ ಕೆಲಸದಿಂದ ಜಾರಿ ಕ್ಯಾಮೆರಾದ ಕಡೆಗೆ ಹೋದ ದಿನ ಕಾರ್ಯಕ್ರಮ ಹಳಸಲು ತೊಡಗುತ್ತದೆ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಕೆಲವು ಉದಾಹರಣೆಗಳನ್ನು ನೋಡೋಣ.

ಮೊದಲು ಎಲ್ಲರಿಗಿಂತ ಪ್ರಸಿದ್ಧವಾದದ್ದು. 2004ರ ಜನವರಿಯಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ದಿ ಅಪ್ರೆಂಟಿಸ್' ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. ನ್ಯೂಯಾರ್ಕಿನ ಉದ್ಯಮಿ ಡೊನಾಲ್ಡ್ ಟ್ರಂಪ್ ಅದರ ನಿರೂಪಕ. ಮುಂದೆ ಆ ದೇಶದ ಅಧ್ಯಕ್ಷರಾದವರೂ ಅವರೇ. ಹದಿನಾರು ಮಂದಿ ಅಭ್ಯರ್ಥಿಗಳು. ವಾರಕ್ಕೊಂದು ವ್ಯಾಪಾರದ ಕೆಲಸ. ಸೋತ ತಂಡದಲ್ಲಿ ಒಬ್ಬರಿಗೆ ಮನೆಯ ದಾರಿ. ಕೊನೆಗೆ ಉಳಿದವರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಸಂಬಳದ ಒಂದು ವರ್ಷದ ನೌಕರಿ. ನೌಕರಿಗಾಗಿ ಅಲೆದಾಡಿದ ಯಾರಿಗೆ ತಾನೆ ಇದು ಅರ್ಥವಾಗದು? ಮೊದಲ ಆವೃತ್ತಿಯನ್ನು ಸರಾಸರಿ 2 ಕೋಟಿಗೂ ಹೆಚ್ಚು ಜನ ನೋಡಿದರು. 2007ರ ಆರನೆಯ ಆವೃತ್ತಿಯ ಹೊತ್ತಿಗೆ ಆ ಸಂಖ್ಯೆ ಸುಮಾರು 75 ಲಕ್ಷಕ್ಕೆ ಇಳಿದಿತ್ತು. ಮೂರು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಎದ್ದು ಹೋಗಿದ್ದರು.

ಆಗ ತಯಾರಕರು ಏನು ಮಾಡಿದರು ಎಂಬುದನ್ನು ಗಮನಿಸಿ. 2008ರಲ್ಲಿ ನೌಕರಿ ಬೇಕಾದ ಸಾಮಾನ್ಯರನ್ನು ಬಿಟ್ಟು, ಮೊದಲೇ ಹೆಸರು ಮಾಡಿದ್ದ ಗಣ್ಯರನ್ನು ಕರೆತಂದರು. ಅವರು ಆಡುತ್ತಿದ್ದದ್ದು ದತ್ತಿ ಸಂಸ್ಥೆಗಳಿಗೆ ಹಣ ಕೂಡಿಸಲು. ಉದ್ದೇಶ ಒಳ್ಳೆಯದೇ. ಕಾರ್ಯಕ್ರಮಕ್ಕೆ ಕೆಲವು ವರ್ಷ ಆಯುಸ್ಸೂ ಹೆಚ್ಚಿತು. ಆದರೆ ನೌಕರಿಯ ಕಥೆಯಲ್ಲಿ ನೌಕರಿಯೇ ಇಲ್ಲವಾಯಿತು. ಸೋತವರಿಗೆ ಸಂಬಳ ತಪ್ಪುವುದಿಲ್ಲ, ಮನೆಯ ಬಾಡಿಗೆ ನಿಲ್ಲುವುದಿಲ್ಲ. ಯಾರು ಯಾರೊಂದಿಗೆ ಜಗಳವಾಡಿದರು ಎಂಬುದಷ್ಟೇ ನೋಡಲು ಉಳಿಯಿತು.

ಇನ್ನು ಜಗಳದ ವಿಷಯ. 2003ರಲ್ಲಿ ಡಿಸ್ಕವರಿ ವಾಹಿನಿಯಲ್ಲಿ 'ಅಮೆರಿಕನ್ ಚಾಪರ್' ಎಂಬ ಸರಣಿ ಶುರುವಾಯಿತು. ಒಬ್ಬ ತಂದೆ, ಅವನ ಮಕ್ಕಳು, ಒಂದು ಕಾರ್ಖಾನೆ. ತಗಡು ಬಗ್ಗಿಸಿ, ಬೆಸುಗೆ ಹಾಕಿ, ಬಣ್ಣ ಹೊಡೆದು ವಿಚಿತ್ರ ವಿನ್ಯಾಸದ ಮೋಟಾರ್ ಸೈಕಲ್‌ಗಳನ್ನು ಅವರು ಕಟ್ಟುತ್ತಿದ್ದರು. ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಂಡ ಹುಡುಗರಿಗೆ ಅದು ಹಬ್ಬ. ಗಡುವು ಹತ್ತಿರವಾದಾಗ ತಂದೆ ಮಗನ ಮೇಲೆ ಕೂಗಾಡುತ್ತಿದ್ದ, ಮಗ ತಿರುಗಿ ಕೂಗುತ್ತಿದ್ದ. ಯಾವ ಮನೆಯಲ್ಲಿಲ್ಲ ಇದು? ಆದರೆ ಬೆಸುಗೆಗಿಂತ ಬೈಗುಳವೇ ಜನರನ್ನು ಹೆಚ್ಚು ಸೆಳೆಯುತ್ತದೆ ಎಂಬುದು ಬೇಗನೆ ಎಲ್ಲರಿಗೂ ತಿಳಿಯಿತು. ವರ್ಷಗಳು ಉರುಳಿದಂತೆ ಮೋಟಾರ್ ಸೈಕಲ್ ಹಿಂದಕ್ಕೆ ಸರಿಯಿತು, ಜಗಳ ಮುಂದಕ್ಕೆ ಬಂತು. 2008ರಲ್ಲಿ ಮಗ ಕಾರ್ಖಾನೆಯನ್ನು ಬಿಟ್ಟು ಹೊರಟ. ಮರುವರ್ಷ ಅವರ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿತು. ತಂದೆಗೂ ಮಗನಿಗೂ ನಡುವಿನ ಪೈಪೋಟಿಯೇ ಮುಂದೆ ಕಾರ್ಯಕ್ರಮದ ಹೆಸರಿನಲ್ಲಿ ಸೇರಿಕೊಂಡಿತು. ಒಂದು ಮನೆಯ ನೋವು ಅಷ್ಟು ವರ್ಷ ಎಷ್ಟೋ ಜನರಿಗೆ ರಾತ್ರಿಯೂಟದ ನೆಂಚಿಕೆಯಾಯಿತು. ಜಗಳಕ್ಕೊಂದು ಗುಣವಿದೆ: ನಿನ್ನೆಯದಕ್ಕಿಂತ ಇಂದಿನದು ಜೋರಾಗಿರಬೇಕು, ಇಲ್ಲದಿದ್ದರೆ ಸಪ್ಪೆ. ಉಪ್ಪಿನಕಾಯಿಯನ್ನೇ ಊಟ ಮಾಡಿಕೊಂಡವನಿಗೆ ನಾಲಿಗೆ ಸತ್ತುಹೋಗುವಂತೆ ನೋಡುಗರಿಗೂ ಆಗುತ್ತದೆ.

ಮೂರನೆಯದಾಗಿ ಜಾಗ ಬದಲಾಯಿಸುವ ಉಪಾಯ. 2007ರಲ್ಲಿ ಹಿಸ್ಟರಿ ವಾಹಿನಿಯಲ್ಲಿ ಬಂದ 'ಐಸ್ ರೋಡ್ ಟ್ರಕರ್ಸ್' ಉತ್ತರ ಕೆನಡಾದಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಲಾರಿ ಓಡಿಸುವವರ ಕಥೆ. ದೂರದ ಗಣಿಗಳಿಗೆ ವರ್ಷಕ್ಕೆ ಬೇಕಾದ ಸಾಮಾನುಗಳನ್ನು ಕೆಲವೇ ವಾರಗಳ ಗಟ್ಟಿ ಹಿಮದ ಕಾಲದಲ್ಲಿ ಸಾಗಿಸಬೇಕು. ಹಿಮ ಕರಗಿದರೆ ದಾರಿಯೇ ಇಲ್ಲ. ಇದು ನಿಜವಾದ ಕೆಲಸ, ನಿಜವಾದ ಗಡುವು. ಮೂರು ನಾಲ್ಕು ವರ್ಷದ ನಂತರ ಇದೇ ಚಾಲಕರಲ್ಲಿ ಕೆಲವರನ್ನು 2010ರಲ್ಲಿ ನಮ್ಮ ಹಿಮಾಚಲ ಪ್ರದೇಶದ ಘಾಟಿ ರಸ್ತೆಗಳಿಗೆ ತಂದು ಬೇರೊಂದು ಸರಣಿ ಮಾಡಿದರು. ಕಂದಕದ ಅಂಚಿನಲ್ಲಿ ಲಾರಿ, ವಿದೇಶಿ ಚಾಲಕನ ಗಾಬರಿ, ಎದುರಿಗೆ ಬರುವ ಬಸ್ಸು. ನೋಡಲು ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದೇ ರಸ್ತೆಯಲ್ಲಿ ದಿನವೂ ಸೇಬು, ಸಿಮೆಂಟು, ಅಡುಗೆ ಅನಿಲ ಸಾಗಿಸುವ ನಮ್ಮ ಚಾಲಕರು ಅಲ್ಲಿ ಹಿನ್ನೆಲೆಯಲ್ಲಿ ಹಾದುಹೋಗುವ ಜನ ಮಾತ್ರ. ಯಾರ ಹೊಟ್ಟೆಪಾಡು ಆ ರಸ್ತೆಯಲ್ಲಿದೆಯೋ ಅವರು ಕಥೆಯ ಹೊರಗೆ. ಯಾರು ಕ್ಯಾಮೆರಾಕ್ಕಾಗಿ ಬಂದರೋ ಅವರು ಕಥೆಯ ಒಳಗೆ.

ಕನ್ನಡದಲ್ಲಿಯೂ ಇದಕ್ಕೆ ಹತ್ತಿರದ ಉದಾಹರಣೆ ಇದೆ. ನಿಮ್ಮ ಅಕ್ಕ ಅಣ್ಣಂದಿರನ್ನು ಕೇಳಿ ನೋಡಿ, ಅವರಿಗೆ ಚೆನ್ನಾಗಿ ನೆನಪಿರುತ್ತದೆ. 2010ರ ಸುಮಾರಿಗೆ ಸುವರ್ಣ ವಾಹಿನಿಯಲ್ಲಿ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ಎಂಬ ರಿಯಾಲಿಟಿ ಷೋ ಬಂತು. ಅಕುಲ್ ಬಾಲಾಜಿ ಅದರ ನಿರೂಪಕರು. ನಗರದ ಹೆಣ್ಣುಮಕ್ಕಳನ್ನು ಹಳ್ಳಿಯಲ್ಲಿ ಇರಿಸಿ, ಹಳ್ಳಿಯವರು ದಿನವೂ ಮಾಡುವ ಕೆಲಸಗಳನ್ನು ಅವರಿಂದ ಮಾಡಿಸುತ್ತಿದ್ದರು. ಕೊಟ್ಟಿಗೆ, ಸಗಣಿ, ಸೌದೆ ಒಲೆ, ಹೊಲದ ಕೆಲಸ. ಜನ ಮುಗಿಬಿದ್ದು ನೋಡಿದರು. ಮುಂದೆ ಅದರ ಬೇರೆ ಆವೃತ್ತಿಗಳೂ ಬಂದವು. ಮೊದಲ ಸಲ ನೋಡಿದಾಗ ನನಗೂ ಸಂತೋಷವಾಗಿತ್ತು. ಹಸುವಿನ ಕೆಚ್ಚಲಿಗೆ ಕೈ ಹಾಕಲು ಹೆದರುವ ಹುಡುಗಿಯನ್ನು ಕಂಡಾಗ, ನಮ್ಮ ಹಳ್ಳಿಯ ಹೆಂಗಸರು ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸಕ್ಕೆ ಎಷ್ಟು ಚಾಕಚಕ್ಯತೆ ಬೇಕು ಎಂಬುದು ಮನಸ್ಸಿಗೆ ನಾಟುತ್ತಿತ್ತು.

ಆದರೆ ಎರಡು ಹಾಲು ಕರೆಯುವಿಕೆಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ ತಾಯಿಯೊಬ್ಬಳು ಬೆಳಗಿನ ಜಾವ ಹಾಲು ಕರೆದು ಕ್ಯಾನು ಹಿಡಿದು ಡೈರಿಗೆ ಓಡುತ್ತಾಳೆ. ಹೊತ್ತು ಮೀರಿದರೆ ಹಾಲು ಅಳೆಯುವವರು ಬಾಗಿಲು ಹಾಕುತ್ತಾರೆ. ಜಿಡ್ಡು ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಹಸು ಒದ್ದು ಹಾಲು ಚೆಲ್ಲಿದರೆ ಆ ಹೊತ್ತಿನ ಸಂಪಾದನೆ ಮಣ್ಣುಪಾಲು. ಷೋದಲ್ಲಿ ಹಸು ಒದ್ದರೆ ಎಲ್ಲರೂ ನಗುತ್ತಾರೆ. ಅಲ್ಲಿ ಹುಡುಗಿ ಸೋತರೆ ಕಳೆದುಕೊಳ್ಳುವುದು ಷೋದೊಳಗಿನ ತನ್ನ ಜಾಗವನ್ನು, ಹಾಲನ್ನಲ್ಲ. ಹಾಲು ಅಲ್ಲಿ ಒಂದು ನೆಪ. ಅದಕ್ಕೇ ಇಷ್ಟು ವರ್ಷವಾದ ಮೇಲೆ ಆ ಕಾರ್ಯಕ್ರಮದ ಬಗ್ಗೆ ಯಾರನ್ನಾದರೂ ಕೇಳಿದರೆ, ಯಾರು ಅತ್ತರು, ಯಾರು ಯಾರಿಗೆ ಬೈದರು ಎಂದು ಹೇಳುತ್ತಾರೆ. ಹಸುವಿನ ಬಗ್ಗೆ ಒಂದು ಹೊಸ ವಿಷಯ ಕಲಿತೆ ಎಂದು ಹೇಳಿದವರನ್ನು ನಾನು ಕಂಡಿಲ್ಲ.

ಇನ್ನೊಂದು ಕಾರಣವೂ ಇದೆ. ಕ್ಯಾಮೆರಾ ತನ್ನನ್ನು ನೋಡುತ್ತಿದೆ ಎಂದು ತಿಳಿದವನು ಮೊದಲಿನಂತೆ ಇರಲಾರ. ಮನೆಗೆ ನೆಂಟರು ಬಂದಾಗ ನೀವು ಪುಸ್ತಕ ಹಿಡಿದು ಕೂರುವುದಿಲ್ಲವೇ, ಹಾಗೆ. ಮೊದಮೊದಲು ಕೆಲಸಗಾರ ಕೆಲಸದಲ್ಲಿ ಮುಳುಗಿ ಕ್ಯಾಮೆರಾವನ್ನು ಮರೆಯುತ್ತಾನೆ. ಕಾರ್ಯಕ್ರಮ ಪ್ರಸಾರವಾಗಿ, ತನ್ನ ಯಾವ ಮಾತಿಗೆ ಜನ ನಕ್ಕರು ಎಂದು ತಿಳಿದ ಮೇಲೆ ಆ ಮಾತನ್ನೇ ಮತ್ತೆ ಆಡುತ್ತಾನೆ. ತಯಾರಕರೂ ಅದನ್ನೇ ಬಯಸುತ್ತಾರೆ. 1997ರಲ್ಲಿ ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ 'ಡ್ರೈವಿಂಗ್ ಸ್ಕೂಲ್' ಎಂಬ ಸರಣಿ ಅಪಾರ ಜನಪ್ರಿಯವಾಯಿತು. ಕಾರು ಕಲಿಯುವವರು ಮತ್ತು ಕಲಿಸುವವರ ದಿನಚರಿ ಅದು. ಕಲಿಯುತ್ತಿದ್ದ ಮಹಿಳೆಯೊಬ್ಬರು ಚಿಂತೆಯಿಂದ ನಸುಕಿನಲ್ಲಿ ಎಚ್ಚೆತ್ತು ಸಂಚಾರ ನಿಯಮಗಳನ್ನು ಓದುವ ದೃಶ್ಯ ಅದರಲ್ಲಿತ್ತು. ಆ ದೃಶ್ಯವನ್ನು ಕ್ಯಾಮೆರಾಕ್ಕಾಗಿ ಮತ್ತೆ ಮಾಡಿಸಿದ್ದೆಂದು ಆಮೇಲೆ ತಯಾರಕರು ಒಪ್ಪಿಕೊಳ್ಳಬೇಕಾಯಿತು. ಆಕೆಗೆ ಚಿಂತೆ ಇದ್ದದ್ದು ಸುಳ್ಳಲ್ಲ. ಆದರೆ ಒಂದು ದೃಶ್ಯ ಮಾಡಿಸಿದ್ದೆಂದು ತಿಳಿದ ಮೇಲೆ ಉಳಿದ ದೃಶ್ಯಗಳನ್ನೂ ಸಂಶಯದಿಂದ ನೋಡುವುದು ಮನುಷ್ಯ ಸ್ವಭಾವ. ನಂಬಿಕೆ ಹೋದ ಮೇಲೆ ಕುತೂಹಲ ನಿಲ್ಲುವುದಿಲ್ಲ.

ಅಮೆರಿಕದ ಲಾಸ್ ವೇಗಸ್ ನಗರದ ಒಂದು ಗಿರವಿ ಅಂಗಡಿಯ ಮೇಲೆ 2009ರಲ್ಲಿ 'ಪಾನ್ ಸ್ಟಾರ್ಸ್' ಎಂಬ ಸರಣಿ ಬಂತು. ಹಳೆಯ ಕತ್ತಿ, ನಾಣ್ಯ, ಗಡಿಯಾರ ತಂದವರೊಡನೆ ಅಂಗಡಿಯವರು ಚೌಕಾಸಿ ನಡೆಸುತ್ತಾರೆ. ಒಂದೊಂದು ವಸ್ತುವಿನ ಹಿಂದೆಯೂ ಒಂದು ಚರಿತ್ರೆ ಇರುವುದರಿಂದ ಕಾರ್ಯಕ್ರಮ ಗೆದ್ದಿತು. ಗೆದ್ದ ಮೇಲೆ ಆ ಅಂಗಡಿಯೇ ಪ್ರವಾಸಿ ಸ್ಥಳವಾಯಿತು. ಒಡವೆ ಒತ್ತೆಯಿಡಲು ಬರುವ ಕಷ್ಟದವರಿಗಿಂತ, ಅಂಗಡಿಯನ್ನೂ ಅಂಗಡಿಯವರನ್ನೂ ನೋಡಲು ಸಾಲು ನಿಲ್ಲುವವರು ಹೆಚ್ಚಾದರು. ಅಂಥ ಅಂಗಡಿಯಲ್ಲಿ ಒಂದು ಚೌಕಾಸಿ ಸೋತರೆ ಏನು, ಗೆದ್ದರೆ ಏನು? ಅಂಗಡಿಯ ನಿಜವಾದ ಸರಕು ಈಗ ಅಂಗಡಿಯವರ ಮುಖ. ಇದರಲ್ಲಿ ಅವರ ತಪ್ಪೇನೂ ಇಲ್ಲ, ಬಂದ ಅದೃಷ್ಟವನ್ನು ಯಾರೂ ಒದೆಯುವುದಿಲ್ಲ. ನಾನು ಹೇಳುವುದು ಇಷ್ಟು: ಗೆಲುವೇ ಇಂಥ ಕಾರ್ಯಕ್ರಮದ ಬೇರನ್ನು ಕೊರೆಯುತ್ತದೆ. ಸೋತ ಕಾರ್ಯಕ್ರಮ ಬೇಗ ನಿಲ್ಲುತ್ತದೆ. ಗೆದ್ದದ್ದು ತಾನು ತೋರಿಸಬೇಕಾದ ಕೆಲಸವನ್ನೇ ಬದಲಾಯಿಸಿಬಿಡುತ್ತದೆ.

ಹಾಗಾದರೆ ಕೆಲಸವನ್ನು ತೋರಿಸುವ ಯಾವ ಕಾರ್ಯಕ್ರಮವೂ ಬಾಳುವುದೇ ಇಲ್ಲವೇ? ಬಾಳುತ್ತದೆ. ನಮ್ಮ ದೂರದರ್ಶನದ 'ಕೃಷಿ ದರ್ಶನ' 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ಆರಂಭವಾಯಿತು. ಅದನ್ನು ನೋಡಿ ನಗರದ ಮಕ್ಕಳು ಚಾನೆಲ್ ಬದಲಾಯಿಸಿದ್ದುಂಟು, ತಮಾಷೆ ಮಾಡಿದ್ದೂ ಉಂಟು. ಆದರೂ ಅದು ದಶಕಗಳ ಕಾಲ ನಡೆಯಿತು. ಎಲೆಗೆ ಚುಕ್ಕೆ ರೋಗ ಬಿದ್ದಿರುವ ರೈತ ಅದನ್ನು ನೋಡುವಾಗ ನಿರೂಪಕನ ಮುಖ ನೋಡುವುದಿಲ್ಲ. ಔಷಧಿಯ ಪ್ರಮಾಣವನ್ನು ಬರೆದುಕೊಳ್ಳುತ್ತಾನೆ. ನೋಡುವವನ ಹೊಲದಲ್ಲಿಯೇ ಲಾಭನಷ್ಟ ಇರುವಾಗ ಕಾರ್ಯಕ್ರಮಕ್ಕೆ ಜಗಳದ ಒಗ್ಗರಣೆ ಬೇಕಾಗಿಲ್ಲ.

ಕೆಲಸದ ಕಾರ್ಯಕ್ರಮವಲ್ಲದಿದ್ದರೂ ಇನ್ನೊಂದನ್ನು ಇಲ್ಲಿ ನೆನೆಯಬೇಕು. ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಡಾ. ನಾ. ಸೋಮೇಶ್ವರ ಅವರ ನಿರೂಪಣೆಯಲ್ಲಿ ಮೊದಲಾದ 'ಥಟ್ ಅಂತ ಹೇಳಿ' ರಸಪ್ರಶ್ನೆ ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ದಾಟಿತು. ಒಂದು ಮೇಜು, ಮೂವರು ಸ್ಪರ್ಧಿಗಳು, ಬಹುಮಾನವಾಗಿ ಪುಸ್ತಕಗಳು. ಹೊಳೆಯುವ ದೀಪಗಳಿಲ್ಲ, ಕಣ್ಣೀರಿಲ್ಲ. ಏಕೆ ಬಾಳಿತು? ಅದರ ಬಂಡವಾಳ ವ್ಯಕ್ತಿಗಳ ಖಾಸಗಿ ಬದುಕಲ್ಲ, ಪ್ರಶ್ನೆಗಳು. ವ್ಯಕ್ತಿಯ ಬದುಕನ್ನು ಅಗೆದರೆ ನಾಲ್ಕು ವರ್ಷದಲ್ಲಿ ತಳ ಸಿಕ್ಕುತ್ತದೆ. ಪ್ರಶ್ನೆಗಳ ಬಾವಿಗೆ ತಳವಿಲ್ಲ.

ನಿಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದ ಅವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವೇದಿಕೆಯನ್ನು ಕಟ್ಟಿದರು. ವಾರಕ್ಕೊಂದು ವಿಜ್ಞಾನ ಉಪನ್ಯಾಸ. ದಶಕಗಳು ಕಳೆದರೂ ಕೇಳುಗರು ಬರುತ್ತಲೇ ಇದ್ದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಿಕೊಳ್ಳಬಾರದು ಎಂಬುದು ಅವರ ಬದುಕಿನ ನಿಲುವಾಗಿತ್ತು. ಟಿ.ವಿ.ಯ ಮುಂದೆ ಕೂತಾಗಲೂ ಆ ನಿಲುವು ನಮಗೆ ಬೇಕು.

ಕೆಲಸದೊಳಗೆ ಎಷ್ಟು ಪ್ರಶ್ನೆಗಳಿವೆ ಎಂಬುದಕ್ಕೆ ಏಡಿ ಹಿಡಿಯುವವರನ್ನೇ ನೋಡಿ. 2005ರಲ್ಲಿ ಶುರುವಾದ 'ಡೆಡ್ಲಿಯೆಸ್ಟ್ ಕ್ಯಾಚ್' ಅಲಾಸ್ಕಾದ ಬೇರಿಂಗ್ ಸಮುದ್ರದ ದೋಣಿಗಳ ಕಥೆ. ಅಲೆ, ಮಂಜು, ಅಪಘಾತ, ನಾಯಕರ ನಡುವಿನ ಪೈಪೋಟಿ, ಎಲ್ಲವನ್ನೂ ಅದು ವರ್ಷಗಟ್ಟಲೆ ತೋರಿಸಿತು. ಆದರೆ ಅತಿ ದೊಡ್ಡ ಘಟನೆ ಯಾವ ಸಂಕಲನಕಾರನ ಕೈಯಲ್ಲಿಯೂ ಇರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾ ಸರಕಾರ ಇತಿಹಾಸದಲ್ಲಿ ಮೊದಲ ಬಾರಿಗೆ ಹಿಮ ಏಡಿಯ ಬೇಟೆಯನ್ನೇ ಆ ವರ್ಷಕ್ಕೆ ರದ್ದು ಮಾಡಿತು. ಕೋಟಿ ಕೋಟಿ ಏಡಿಗಳು ಸಮುದ್ರದಿಂದ ಕಾಣೆಯಾಗಿದ್ದವು. 2018 ಮತ್ತು 2019ರಲ್ಲಿ ಸಮುದ್ರದ ನೀರು ಅತಿಯಾಗಿ ಬಿಸಿಯಾದಾಗ ಅವುಗಳ ಹಸಿವು ಹೆಚ್ಚಿ, ಸಾಕಷ್ಟು ಆಹಾರ ಸಿಕ್ಕದೆ ಸತ್ತವೆಂದು ವಿಜ್ಞಾನಿಗಳು ಕಂಡುಕೊಂಡರು. ಯಾವ ಜಗಳ ಇದರ ಮುಂದೆ ನಿಲ್ಲುತ್ತದೆ? ಕೆಲಸವನ್ನೇ ನೆಟ್ಟ ನೋಟದಿಂದ ನೋಡಿದವನಿಗೆ ಕಥೆಗೆ ಬರವಿಲ್ಲ.

ಈಗ ನಾನು ಮೊದಲಲ್ಲಿ ಹೇಳಿದ ಮಾತಿಗೆ ಬರುತ್ತೇನೆ.

ಶಿಡ್ಲಘಟ್ಟದ ಹತ್ತಿರ ಒಬ್ಬ ಕಾಲೇಜು ವಿದ್ಯಾರ್ಥಿಯ ಪರಿಚಯ ನನಗಾಯಿತು. ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ಅವನ ತಾಯಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಎಳೆ ಹಿಡಿಯುವುದನ್ನು ಅವನು ಒಂದು ದಿನ ತನ್ನ ಫೋನಿನಲ್ಲಿ ಚಿತ್ರೀಕರಿಸಿ ಹಾಕಿದ. ಒಂದು ಗೂಡಿನಿಂದ ಮುಕ್ಕಾಲು, ಒಂದು ಕಿಲೋಮೀಟರಿನಷ್ಟು ಉದ್ದದ ಎಳೆ ಬರುತ್ತದೆ ಎಂಬುದನ್ನು ಎಷ್ಟೋ ಜನ ಮೊದಲ ಬಾರಿಗೆ ತಿಳಿದರು. ಸಾವಿರಾರು ಮಂದಿ ನೋಡಿದರು, ಮೆಚ್ಚಿದರು. ಹುಡುಗನಿಗೆ ಹುಮ್ಮಸ್ಸು ಬಂತು. ಎರಡನೆಯದು, ಮೂರನೆಯದು, ಹತ್ತನೆಯದು. ನೋಡುವವರು ಕಡಿಮೆಯಾಗುತ್ತಾ ಬಂದರು. ಆಗ ಅವನು ತಾಯಿಗೆ ಹೇಳಿದನಂತೆ: "ಅಮ್ಮಾ, ಸ್ವಲ್ಪ ಈ ಕಡೆ ನೋಡಿ ನಗು. ಅಪ್ಪನ ಮೇಲೆ ಸುಮ್ನೆ ಒಂದ್ ಸಲ ರೇಗು." ತಾಯಿ ತಲೆ ಎತ್ತದೆ ಅಂದರಂತೆ: "ಎಳೆ ಕಿತ್ತೋಗ್ತದೆ ಕಣೋ, ಆಮೇಲೆ ಬಾ."

ಇದನ್ನು ಅವನು ನನಗೆ ತಮಾಷೆಯಾಗಿಯೇ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ದೊಡ್ಡ ದೊಡ್ಡ ವಾಹಿನಿಗಳು ಹತ್ತು ವರ್ಷದಲ್ಲಿ ನಡೆದ ದಾರಿಯನ್ನು ಆ ಹುಡುಗ ಎರಡು ತಿಂಗಳಲ್ಲಿ ನಡೆದಿದ್ದ. ಅವನ ತಾಯಿ ಮಾತ್ರ ತನ್ನ ಲಾಭನಷ್ಟ ಎಲ್ಲಿದೆ ಎಂಬುದನ್ನು ಮರೆಯಲಿಲ್ಲ. ಅದು ಎಳೆಯಲ್ಲಿತ್ತು.

ನಾನು ಅವನನ್ನು ಕೇಳಿದೆ: "ನಿಮ್ಮ ತಾಯಿಯ ಕೈಬೆರಳು ಬಿಸಿನೀರಿನಲ್ಲಿ ನೆಂದು ನೆಂದು ಹೇಗಾಗಿವೆ ಎಂದು ಒಮ್ಮೆಯಾದರೂ ತೋರಿಸಿದ್ದೀಯಾ? ಕೆಟ್ಟ ಗೂಡಿನ ಎಳೆ ಏಕೆ ಪದೇ ಪದೇ ತುಂಡಾಗುತ್ತದೆ ಎಂದು ಕೇಳಿದ್ದೀಯಾ? ಚರಕದಲ್ಲಿ ಬಿಚ್ಚಿದ ನೂಲಿಗೂ ಯಂತ್ರದಲ್ಲಿ ಬಿಚ್ಚಿದ ನೂಲಿಗೂ ಬೆಲೆಯಲ್ಲಿ ಏಕೆ ವ್ಯತ್ಯಾಸ? ಈ ಮನೆಯ ಸಣ್ಣ ತೊಟ್ಟಿ ದೊಡ್ಡ ಯಂತ್ರಗಳ ಮುಂದೆ ಇನ್ನೆಷ್ಟು ವರ್ಷ ಉಳಿಯುತ್ತದೆ?" ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ನಾನು ಕೇಳೇ ಇಲ್ಲ ಸಾರ್" ಎಂದ. ಹುಟ್ಟಿದಾಗಿನಿಂದ ನೋಡುತ್ತ ಬೆಳೆದ ಕೆಲಸದ ಬಗ್ಗೆ ಅವನಿಗೆ ಗೊತ್ತಿದ್ದದ್ದು, ಅದು ಫೋನಿನಲ್ಲಿ ಹೇಗೆ ಕಾಣುತ್ತದೆ ಎಂಬುದು ಮಾತ್ರ.

ನನ್ನ ಆತಂಕ ಇರುವುದು ಇಲ್ಲಿ. ಕಾರ್ಯಕ್ರಮ ಹಳಸಿದರೆ ನಷ್ಟವಿಲ್ಲ, ಬೇರೆಯದು ಬರುತ್ತದೆ. ಆದರೆ ಪರದೆಯ ಮೇಲೆ ಕೆಲಸ ಹಳಸಿದಾಗ, ಮನೆಯ ಕೆಲಸವೂ ಹಳಸಿದ್ದೇ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಕೂತುಬಿಟ್ಟರೆ ಅದು ನಷ್ಟ. ನೀವು ಇದೇ ಕೆಲಸಕ್ಕೆ ಬರಬೇಕೆಂದು ನಾನು ಹೇಳುವುದಿಲ್ಲ. ಓದಿ, ಎಲ್ಲಿಗಾದರೂ ಹೋಗಿ. ಆದರೆ ಹೋಗುವ ಮೊದಲು ಆ ಕೆಲಸವನ್ನು ಒಮ್ಮೆ ತಿಳಿದುಕೊಂಡು ಹೋಗಿ.

ಇನ್ನು ಮುಂದೆ ಇಂಥ ಷೋ ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಒಂದು, ಇಲ್ಲಿರುವವರಿಗೆ ಅನ್ನ ಕೊಡುತ್ತಿರುವುದು ಈ ಕೆಲಸವೋ, ಕ್ಯಾಮೆರಾವೋ? ಎರಡು, ಕ್ಯಾಮೆರಾ ಇಲ್ಲದಿದ್ದರೂ ಇದು ಹೀಗೆಯೇ ನಡೆಯುತ್ತಿತ್ತೇ? ಮೂರು, ಈ ಕಂತು ಮುಗಿದಾಗ ಕೆಲಸದ ಬಗ್ಗೆ ನನಗೆ ಒಂದಾದರೂ ಹೊಸ ವಿಷಯ ತಿಳಿಯಿತೇ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಧಾರಾಳವಾಗಿ ನೋಡಿ. ಬರದಿದ್ದರೆ ಎದ್ದು ಬರಲು ಸಂಕೋಚ ಬೇಡ.

ಕೊನೆಯದಾಗಿ ಒಂದು ಸಣ್ಣ ಕೆಲಸ ಕೊಡುತ್ತೇನೆ. ಬರುವ ರಜೆಯಲ್ಲಿ ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಕೆಲಸವನ್ನು ಏಳು ದಿನ ನೋಡಿ. ಚಿಂತಾಮಣಿಯ ಮಂಡಿಗೆ ಟೊಮೇಟೊ ಹಾಕುವವರಾದರೆ ದಿನವೂ ಬಾಕ್ಸಿನ ಬೆಲೆ ಬರೆದುಕೊಳ್ಳಿ. 2023ರ ಜುಲೈನಲ್ಲಿ ಕಿಲೋ ನೂರು ರೂಪಾಯಿ ದಾಟಿದ ಹಣ್ಣನ್ನೇ ಬೇರೆ ಕಾಲಗಳಲ್ಲಿ ರಸ್ತೆ ಬದಿಗೆ ಸುರಿದದ್ದೂ ಉಂಟು, ಏಕೆ ಎಂದು ಕೇಳಿ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ, ಹೂ ಬೆಳೆಯುವವರಾದರೆ ಒಂದು ಮಳೆ ಅವರಿಗೆ ಏನು ಮಾಡುತ್ತದೆ ಎಂದು ಕೇಳಿ. ಫೋನು ಜೇಬಿನಲ್ಲಿರಲಿ, ಒಂದು ನೋಟ್ ಪುಸ್ತಕ ಕೈಯಲ್ಲಿರಲಿ. ಏಳನೆಯ ದಿನ ನಿಮಗೆ ಬೇಸರ ಬಂದಿದ್ದರೆ ನನ್ನ ಮಾತು ತಪ್ಪೆಂದು ತಿಳಿಯಿರಿ.

ಬೇಸರ ಬಾರದಿದ್ದರೆ, ಬರೆದದ್ದನ್ನು ಮೊದಲು ನಿಮ್ಮ ತಾಯಿ ತಂದೆಗೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.